ಬೆನ್ನಿನ ಬೆಂಕಿ ಎದೆಗೂ ತಾಗುತ್ತೆ

ನಾರ್ಮನ್ ಕಸಿನ್ಸ್ ಅನ್ನೋ ಹೆಸರು ನಿಮಗೆ ಗೊತ್ತಿಲ್ಲದೇ ಇರಬಹುದು. ಅವರ ಕಥೆ ಮಾತ್ರ ಕೇಳಿರ್ತೀರಿ. ನಕ್ಕು ನಕ್ಕು ಬೆನ್ನಿನ ಕಾಯಿಲೆ ವಾಸಿ ಮಾಡಿಕೊಂಡ ಅಮೆರಿಕದ ಸಂಪಾದಕ! ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತೆ. ವ್ಯಕ್ತಿತ್ವ ವಿಕಸನದ ಭಾಷಣಕಾರರಿಗೆ ಇದು ಅಚ್ಚುಮೆಚ್ಚು. ಬೆಳಗ್ಗೆ ಪಾರ್ಕಿನಲ್ಲಿ ಹೊಟ್ಟೆ ಹಿಡ್ಕೊಂಡು ನಗೋ ಗುಂಪುಗಳಿವೆಯಲ್ಲ, 1995ರಲ್ಲಿ ಮುಂಬೈನಲ್ಲಿ ಡಾ. ಮದನ್ ಕಟಾರಿಯಾ ಶುರು ಮಾಡಿದ ಆ ನಗೆಕೂಟಗಳ ಹಿಂದೆಯೂ ಕಸಿನ್ಸ್ ಪುಸ್ತಕದ ಪ್ರೇರಣೆ ಇದೆ.

ಕಥೆ ಹೀಗೆ. 1964. 'ಸ್ಯಾಟರ್ಡೇ ರಿವ್ಯೂ' ಪತ್ರಿಕೆಯ ಸಂಪಾದಕ ಕಸಿನ್ಸ್ ಮಾಸ್ಕೋ ಪ್ರವಾಸ ಮುಗಿಸಿ ವಾಪಸ್ ಬಂದರು. ಜ್ವರ, ಮೈಕೈ ನೋವು. ಕೆಲವೇ ದಿನಗಳಲ್ಲಿ ಹಾಸಿಗೆಯಲ್ಲಿ ಹೊರಳೋದೂ ಕಷ್ಟ ಆಯ್ತು. ವೈದ್ಯರು ಹೇಳಿದ ಕಾಯಿಲೆಯ ಹೆಸರು ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಪೂರ್ತಿ ಗುಣವಾಗೋ ಸಾಧ್ಯತೆ ಐನೂರರಲ್ಲಿ ಒಂದು ಅಂದರು. ಕಸಿನ್ಸ್ ಆಸ್ಪತ್ರೆ ಬಿಟ್ಟು ಹೋಟೆಲ್ ರೂಮ್ ಸೇರಿಕೊಂಡರು, ಮಾರ್ಕ್ಸ್ ಬ್ರದರ್ಸ್ ಕಾಮಿಡಿ ಸಿನಿಮಾ ಹಾಕಿಸಿಕೊಂಡರು. ಹತ್ತು ನಿಮಿಷ ಮನಸಾರೆ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತೆ ಅಂತ ಬರೆದರು. 1976ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ಲೇಖನವಾಯ್ತು, 1979ರಲ್ಲಿ ಪುಸ್ತಕವಾಯ್ತು. ಜಗತ್ತೇ ಓದಿತು.

ಎಲ್ಲರೂ ಕಥೆ ನಿಲ್ಲಿಸೋದು ಇಲ್ಲೇ. ಮುಂದೇನಾಯ್ತು? 1980ರ ಡಿಸೆಂಬರ್‌ನಲ್ಲಿ ಅದೇ ಕಸಿನ್ಸ್‌ಗೆ ಹೃದಯಾಘಾತ ಆಯ್ತು. ಅದರ ಬಗ್ಗೆ 1983ರಲ್ಲಿ ಇನ್ನೊಂದು ಪುಸ್ತಕ ಬರೆದರು. 1990ರ ನವೆಂಬರ್ 30ರಂದು, 75ನೇ ವಯಸ್ಸಿನಲ್ಲಿ, ಹೃದಯ ಸ್ತಂಭನದಿಂದಲೇ ತೀರಿಕೊಂಡರು.

ಬೆನ್ನಿನ ಕಾಯಿಲೆಯೇ ಅವರ ಹೃದಯವನ್ನ ತಿಂತು ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋಕೆ ಆಧಾರ ಇಲ್ಲ. ಬೆನ್ನಿಗೂ ಹತ್ತು ವರ್ಷ ಮೊದಲು, 1954ರಲ್ಲೇ, ವಿಮೆ ಕಂಪನಿಯ ತಪಾಸಣೆಯಲ್ಲಿ ಅವರ ಹೃದಯದಲ್ಲಿ ತೊಂದರೆ ಕಂಡಿತ್ತು. ಅವರಿಗೆ ಬಂದದ್ದು ನಿಜವಾಗಲೂ ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸೇನಾ ಅಂತಲೂ ಆಮೇಲೆ ಅನುಮಾನ ಎತ್ತಿದವರಿದ್ದಾರೆ. ನನ್ನ ಗಮನ ಹೋಗಿದ್ದು ಬೇರೆ ಕಡೆ. ಒಬ್ಬನೇ ಮನುಷ್ಯ, ಬೆನ್ನಿಗೊಂದು ಪುಸ್ತಕ, ಹೃದಯಕ್ಕೊಂದು ಪುಸ್ತಕ. ನಮ್ಮ ಮನೆಗಳಲ್ಲೂ ಇದೇ ತಾನೇ? ಬೆನ್ನು ನೋವಿನ ಫೈಲು ಮೂಳೆ ಡಾಕ್ಟರ ಹತ್ರ, ಎದೆಯ ಫೈಲು ಹಾರ್ಟ್ ಡಾಕ್ಟರ ಹತ್ರ. ಎರಡನ್ನೂ ಒಟ್ಟಿಗೆ ಬಿಚ್ಚಿ ನೋಡೋರು ಯಾರು?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮಲ್ಲಿ ಕತ್ತು ಹಿಡಿದರೂ 'ಸ್ಪಾಂಡಿಲೈಟಿಸ್', ಸೊಂಟ ಹಿಡಿದರೂ 'ಸ್ಪಾಂಡಿಲೈಟಿಸ್'. ಕತ್ತಿಗೆ ಕಾಲರ್ ಹಾಕಿಕೊಂಡವರನ್ನ ಕೇಳಿ, ಅದೇ ಹೆಸರು ಹೇಳ್ತಾರೆ. ಅವರಲ್ಲಿ ಬಹಳಷ್ಟು ಜನಕ್ಕೆ ಇರೋದು ಸ್ಪಾಂಡಿಲೋಸಿಸ್, ಅಂದರೆ ವಯಸ್ಸಿನ ಸವೆತ. ನಾನು ಎಂಜಿನಿಯರಿಂಗ್ ಓದಿದವನು, ನನಗೆ ಅದು ಬೇರಿಂಗ್ ಸವೆದ ಹಾಗೆ ಕಾಣುತ್ತೆ. ಓಡಿಸಿದಷ್ಟೂ ನೋವು, ನಿಲ್ಲಿಸಿದರೆ ಆರಾಮ.

ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಪೂರ್ತಿ ಬೇರೆ ಜಾತಿ. ಅಲ್ಲಿ ಸವೆತ ಇಲ್ಲ, ಉರಿಯೂತ ಇದೆ. ನಮ್ಮನ್ನ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಸೊಂಟದ ಹಿಂಭಾಗದ ಕೀಲಿಗೆ, ಬೆನ್ನುಮೂಳೆಗೆ ಬೆಂಕಿ ಇಡುತ್ತೆ. ವರ್ಷಗಟ್ಟಲೆ ಉರಿದು ಆರಿದ ಜಾಗದಲ್ಲಿ ಹೊಸ ಮೂಳೆ ಬೆಳೆದು ಕೆಲವರ ಬೆನ್ನುಮೂಳೆ ಬಿದಿರುಕೋಲಿನ ಹಾಗೆ ಒಂದೇ ತುಂಡಾಗಿಬಿಡುತ್ತೆ. ಶುರುವಾಗೋದು ಬಹುಪಾಲು 45ರೊಳಗೆ, ಎಷ್ಟೋ ಜನರಿಗೆ ಇಪ್ಪತ್ತರ ಆಸುಪಾಸಿನಲ್ಲೇ. ಎಚ್‌ಎಲ್‌ಎ-ಬಿ27 ಅನ್ನೋ ಜೀನ್‌ಗೂ ಇದಕ್ಕೂ ನಂಟಿದೆ ಅಂತ 1973ರಲ್ಲಿ ಗೊತ್ತಾಯ್ತು. ಜೀನ್ ಇದ್ದ ಮಾತ್ರಕ್ಕೆ ಕಾಯಿಲೆ ಬರಬೇಕು ಅಂತಿಲ್ಲ. ಅದಿರೋ ಹೆಚ್ಚಿನವರಿಗೆ ಏನೂ ಆಗಲ್ಲ.

ಕ್ರಿಕೆಟ್ ನೋಡೋರಿಗೆ ಇಂಗ್ಲೆಂಡ್ ಕ್ಯಾಪ್ಟನ್ ಮೈಕ್ ಅಥರ್ಟನ್ ನೆನಪಿರಬೇಕು. 1995ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹತ್ತೂವರೆ ಗಂಟೆಗೂ ಹೆಚ್ಚು ಕ್ರೀಸಿನಲ್ಲಿ ನಿಂತು 185 ನಾಟೌಟ್. ಅವರಿಗಿದ್ದದ್ದು ಇದೇ ಬೆನ್ನು.

ನಮ್ಮ ಜೊತೆ ಕೆಲಸ ಮಾಡೋ ಒಬ್ಬ ಕ್ಯಾಮೆರಾಮನ್ ಇದ್ದಾನೆ. 34 ವರ್ಷ. ಹೆಸರು ಬೇಡ. ಹತ್ತು ವರ್ಷದಿಂದ ಬೆನ್ನು ನೋವು. 'ಹೆಗಲ ಮೇಲೆ ಕ್ಯಾಮೆರಾ ಹೊತ್ತರೆ ಬೆನ್ನು ನೋಯದೆ ಇನ್ನೇನಾಗುತ್ತೆ ಸಾರ್' ಅಂತಿದ್ದ. ಎಲ್ಲರೂ ನಂಬಿದ್ವಿ, ನಂಬೋ ಹಾಗೇ ಇತ್ತು. ಆದರೆ ಒಂದು ವಿಚಿತ್ರ ಅವನೇ ಹೇಳ್ತಿದ್ದ: 'ಚುನಾವಣೆ ಬಂದ್ರೆ ನೋವೇ ಇರಲ್ಲ ಸಾರ್, ರಜೆ ಹಾಕಿ ಮಲಗಿದ್ರೆ ಸತ್ತೇ ಹೋಗ್ತೀನಿ.' ಬೆಳಗಿನ ಜಾವ ಮೂರೂವರೆಗೆ ಎದ್ದು ಹಾಲ್‌ನಲ್ಲಿ ಓಡಾಡ್ತಿದ್ದನಂತೆ. ಎದ್ದ ಮೇಲೆ ಶೂ ಲೇಸ್ ಕಟ್ಟೋಕೆ ಬಗ್ಗಬೇಕಾದರೆ ಒಂದು ಗಂಟೆ ಕಳೀಬೇಕು. ಗಮನಿಸಿ: ಮಲಗಿದರೆ ಜಾಸ್ತಿ, ಓಡಾಡಿದರೆ ಕಡಿಮೆ, ರಾತ್ರಿಯ ಎರಡನೇ ಅರ್ಧದಲ್ಲಿ ಎಬ್ಬಿಸೋ ನೋವು, ಬೆಳಗ್ಗೆ ಅರ್ಧ ಗಂಟೆಗೂ ಮೀರಿದ ಬಿಗಿತ. ಸವೆತದ ನೋವು ಹೀಗೆ ನಡೆದುಕೊಳ್ಳಲ್ಲ. ಉರಿಯೂತದ ನೋವು ನಡೆದುಕೊಳ್ಳುತ್ತೆ.

ಕೊನೆಗೆ ಹಿಡಿದವರು ಕಣ್ಣಿನ ಡಾಕ್ಟರ್! ಒಂದೇ ಕಣ್ಣು ಕೆಂಡದ ಹಾಗೆ ಕೆಂಪಾಗಿ, ಬೆಳಕು ನೋಡೋಕಾಗದೆ ಹೋಗಿದ್ದ. ಅವರು ಕಣ್ಣು ನೋಡಿ ಕೇಳಿದ್ದು 'ಬೆನ್ನು ನೋವಿದೆಯಾ?' ಅಂತ. ಅಲ್ಲಿಂದ ರುಮಟಾಲಜಿಸ್ಟ್, ಎಂಆರ್‌ಐ, ಕಾಯಿಲೆಗೆ ಹೆಸರು. ಅವನ ಕಣ್ಣು, ಬೆನ್ನು ಎರಡೂ ಒಂದೇ ಕಾಯಿಲೆಯ ಬಾಗಿಲುಗಳು. ಜಗತ್ತಿನಾದ್ಯಂತ ಈ ಕಾಯಿಲೆ ಗೊತ್ತಾಗೋಕೆ ಸರಾಸರಿ ಆರೇಳು ವರ್ಷ ತಗೊಳ್ಳುತ್ತೆ, ಹಾಗಾಗಿ ಇವನ ಹತ್ತು ವರ್ಷ ಆಶ್ಚರ್ಯ ಏನಲ್ಲ.

ರುಮಟಾಲಜಿಸ್ಟ್ ಹತ್ರ ಹೋಗಿ ಬಂದವನಿಗೆ ಸಿಟ್ಟು. 'ಬೆನ್ನಿಗೆ ಅಂತ ಹೋದ್ರೆ ಬಿಪಿ ನೋಡ್ತಾರೆ, ಅಪ್ಪಂಗೆ ಹಾರ್ಟ್ ಪ್ರಾಬ್ಲಮ್ ಇತ್ತಾ ಅಂತಾರೆ, ಸಿಗರೇಟ್ ಎಷ್ಟು ಅಂತಾರೆ. ಏನ್ ಸಂಬಂಧ ಸಾರ್?' ಬಿಪಿ 150/96 ಇತ್ತು. ಸಿಗರೇಟು ದಿನಕ್ಕೊಂದು ಪ್ಯಾಕ್.

ಏನ್ ಸಂಬಂಧ? ಕೇಳಲೇಬೇಕಾದ ಪ್ರಶ್ನೆ.

ರಕ್ತನಾಳ ಕಟ್ಟಿಕೊಳ್ಳೋದನ್ನ ನಾವೆಲ್ಲ ಮನೆಯ ನಲ್ಲಿ ಪೈಪಿಗೆ ಹೋಲಿಸ್ತೀವಿ. ಕೊಬ್ಬು ಬಂದು ಕೂತು ಪೈಪ್ ಬ್ಲಾಕ್ ಆಯ್ತು ಅಂತ. ಈ ಹೋಲಿಕೆ ಅರ್ಧ ಸರಿ. ಪೈಪಿಗೆ ಜೀವ ಇಲ್ಲ, ರಕ್ತನಾಳದ ಗೋಡೆಗೆ ಜೀವ ಇದೆ. ಕೊಬ್ಬು ಕೂರೋದು ಗೋಡೆಯ ಮೇಲಲ್ಲ, ಗೋಡೆಯ ಒಳಗೆ. ಅದನ್ನ ತೆಗೆಯೋಕೆ ಬಿಳಿ ರಕ್ತಕಣಗಳು ಒಳಗೆ ನುಗ್ಗುತ್ತವೆ, ಅಲ್ಲೇ ಸಿಕ್ಕಿಹಾಕಿಕೊಂಡು ಕೀವಿನ ಹಾಗೆ ಗುಡ್ಡೆಯಾಗುತ್ತವೆ. ಮೇಲೊಂದು ತೆಳು ಪೊರೆ. ಆ ಪೊರೆ ಹರಿದ ದಿನ ರಕ್ತ ಅಲ್ಲಿ ಹೆಪ್ಪುಗಟ್ಟುತ್ತೆ. ನಾವು ಹಾರ್ಟ್ ಅಟ್ಯಾಕ್ ಅನ್ನೋದರಲ್ಲಿ ಹೆಚ್ಚಿನವು ಇವೇ. ಕೊಬ್ಬು ಗೋಡೆ ಸೇರೋದರಿಂದ ಹಿಡಿದು ಪೊರೆ ಹರಿಯೋ ತನಕ ಪ್ರತಿ ಹಂತದಲ್ಲೂ ಕೆಲಸ ಮಾಡೋದು ಉರಿಯೂತ.

ಇದು ಬರೀ ಊಹೆಯಾಗಿ ಉಳಿದಿಲ್ಲ. 2017ರಲ್ಲಿ ಕ್ಯಾಂಟೋಸ್ ಅನ್ನೋ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಒಮ್ಮೆ ಹೃದಯಾಘಾತ ಆಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ಉರಿಯೂತ ಮಾತ್ರ ತಗ್ಗಿಸೋ ಒಂದು ಔಷಧವನ್ನ ಪರೀಕ್ಷಿಸಿದರು. ಕೊಲೆಸ್ಟ್ರಾಲ್ ಹಾಗೇ ಇತ್ತು, ಇಳಿಯಲಿಲ್ಲ. ಆದರೂ ಒಂದು ನಿರ್ದಿಷ್ಟ ಡೋಸ್ ತಗೊಂಡವರಲ್ಲಿ ಹೃದಯದ ಅವಘಡಗಳು ಶೇ. 15ರಷ್ಟು ಕಡಿಮೆಯಾದವು. ಆ ಔಷಧದಿಂದ ಸೋಂಕಿನ ಅಪಾಯ ಹೆಚ್ಚಿತ್ತು, ಹೃದಯಕ್ಕಾಗಿ ಅದು ಬಳಕೆಗೆ ಬರಲಿಲ್ಲ. ಆದರೆ ವಿಷಯ ಸಾಬೀತಾಯ್ತು.

ಈಗ ಬೆನ್ನಿಗೆ ಬನ್ನಿ. ಅಲ್ಲಿ ಉರಿಯೋ ಬೆಂಕಿ ಬೆನ್ನಿನಲ್ಲೇ ನಿಲ್ಲೋದಿಲ್ಲ. ಟಿಎನ್‌ಎಫ್ ಥರದ ಉರಿಯೂತದ ರಾಸಾಯನಿಕಗಳು ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುತ್ತವೆ. ಸುತ್ತೋ ದಾರಿ ಯಾವುದು? ಅದೇ ರಕ್ತನಾಳ. ಹಗಲೂ ರಾತ್ರಿ, ಇಪ್ಪತ್ತನೇ ವಯಸ್ಸಿನಿಂದ. ಇದಲ್ಲದೆ ಕೆಲವರಲ್ಲಿ ಕಾಯಿಲೆ ನೇರವಾಗಿ ಹೃದಯದ ಮಹಾಪಧಮನಿಯ ಬುಡಕ್ಕೇ ತಗಲುತ್ತೆ. ಅಲ್ಲಿನ ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತೆ. ಇನ್ನು ಕೆಲವರಲ್ಲಿ ಹೃದಯದೊಳಗಿನ ವಿದ್ಯುತ್ ವೈರಿಂಗ್ ಹಾಳಾಗಿ ಬಡಿತ ನಿಧಾನವಾಗುತ್ತೆ, ಪೇಸ್‌ಮೇಕರ್ ಬೇಕಾಗುತ್ತೆ. ಇವೆರಡೂ ಅಪರೂಪ, ಆದರೆ ಬಿ27ರ ಜೊತೆ ಇವುಗಳ ನಂಟು ದಶಕಗಳಿಂದ ಗೊತ್ತಿರೋ ಸಂಗತಿ.

ಹಾಗಾದರೆ ಅಪಾಯ ಎಷ್ಟು? ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಈ ಕಾಯಿಲೆ ಇದ್ದ 21,473 ಜನರನ್ನ, ಇಲ್ಲದ 86 ಸಾವಿರಕ್ಕೂ ಹೆಚ್ಚು ಜನರೊಂದಿಗೆ ಹೋಲಿಸಿದರು. ವರದಿ ಬಂದದ್ದು 2015ರಲ್ಲಿ. ಹೃದಯ ಮತ್ತು ರಕ್ತನಾಳದ ಕಾರಣಕ್ಕೆ ಸಾಯೋ ಅಪಾಯ ಕಾಯಿಲೆಯವರಲ್ಲಿ ಶೇ. 36ರಷ್ಟು ಹೆಚ್ಚಿತ್ತು. ಗಂಡಸರಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ಇಂಥ ಅಂಕಿ ನಮ್ಮ ನ್ಯೂಸ್‌ರೂಮಿಗೆ ಬಂದರೆ ಏನಾಗುತ್ತೆ ಹೇಳಲಾ? 'ಬೆನ್ನು ನೋವಿದ್ಯಾ? ಹಾಗಾದ್ರೆ ಹುಷಾರ್!' ಅಂತ ಕೆಂಪು ಪಟ್ಟಿ, ಹಿಂದೆ ಎದೆಬಡಿತದ ಮ್ಯೂಸಿಕ್. ಅದಕ್ಕೇ ಲೆಕ್ಕ ಬಿಡಿಸಿ ಹೇಳ್ತೀನಿ. ಕಾಯಿಲೆ ಇಲ್ಲದ ಸಾವಿರ ಜನರಲ್ಲಿ ಒಂದು ಅವಧಿಯಲ್ಲಿ ಹತ್ತು ಸಾವು ಆಗುತ್ತೆ ಅಂತ ಉದಾಹರಣೆಗೆ ಇಟ್ಟುಕೊಳ್ಳಿ. ಕಾಯಿಲೆ ಇರೋ ಸಾವಿರ ಜನರಲ್ಲಿ ಅದು ಹದಿಮೂರೋ ಹದಿನಾಲ್ಕೋ ಆಗುತ್ತೆ. ಸಾವಿರಕ್ಕೆ 360 ಅಲ್ಲ! ಗಾಬರಿ ಬೀಳೋ ಸಂಖ್ಯೆ ಅಲ್ಲ, ಕಡೆಗಣಿಸೋ ಸಂಖ್ಯೆಯೂ ಅಲ್ಲ. ಅದರಲ್ಲೂ ನಮಗೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗ್ತಿದ್ದದ್ದು ಸುಮಾರು 53ಕ್ಕೆ, ಉಳಿದ ದೇಶದವರಿಗೆ ಸುಮಾರು 59ಕ್ಕೆ. ನಾವು ಓಟ ಶುರು ಮಾಡೋದೇ ಆರು ವರ್ಷ ಹಿಂದಿನಿಂದ.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಕ್ಯೂ ನಿಂತಿದ್ದನ್ನ ನೀವೇ ನೋಡಿದ್ರಿ. ಜಿಮ್ಮು, ಲಸಿಕೆ, ಬಿರಿಯಾನಿ, ಟೆನ್ಷನ್, ಎಲ್ಲದರ ಚರ್ಚೆ ಆಯ್ತು. 'ದೀರ್ಘಕಾಲದ ಉರಿಯೂತದ ಕಾಯಿಲೆ ಏನಾದ್ರೂ ಇದೆಯಾ' ಅನ್ನೋ ಪ್ರಶ್ನೆ ಮಾತ್ರ ಪ್ಯಾನೆಲ್‌ಗಳಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ಹಾಸನದ ಸಾವುಗಳಿಗೆ ಅದೇ ಕಾರಣ ಅಂತಲ್ಲ. ಪಟ್ಟಿಯಲ್ಲಿ ಆ ಪ್ರಶ್ನೆಯೂ ಇರಬೇಕು ಅಷ್ಟೇ.

ಈಗ ನಿಜವಾದ ಕಗ್ಗಂಟು. ನೋವಿನ ಮಾತ್ರೆ.

ನಮ್ಮ ಕ್ಯಾಮೆರಾಮನ್ ಬ್ಯಾಗಿನಲ್ಲಿ ಬ್ಯಾಟರಿಗಿಂತ ಜಾಸ್ತಿ ಡೈಕ್ಲೋಫಿನ್ಯಾಕ್ ಸ್ಟ್ರಿಪ್ ಇರ್ತಿತ್ತು. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಸಿಗುತ್ತೆ, ಕೇಳೋರಿಲ್ಲ. ಇದೇ ಡೈಕ್ಲೋಫಿನ್ಯಾಕ್ ಕೊಟ್ಟ ದನಗಳ ಕಳೇಬರ ತಿಂದು ಭಾರತದ ರಣಹದ್ದುಗಳು ಕಿಡ್ನಿ ಹಾಳಾಗಿ ಸತ್ತವು. ದನಗಳಿಗೆ ಕೊಡೋದನ್ನ 2006ರಲ್ಲಿ ಸರ್ಕಾರ ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರೋ ನಾಲ್ಕಾರು ಹದ್ದುಗಳಿಗೆ ಆ ಮಾತ್ರೆಯ ಬಗ್ಗೆ ನಮಗಿಂತ ಚೆನ್ನಾಗಿ ಗೊತ್ತು. ಮನುಷ್ಯರ ಕಿಡ್ನಿ ಹದ್ದಿನಷ್ಟು ನಾಜೂಕಲ್ಲ, ಸರಿ. ಆದರೆ ಈ ಗುಂಪಿನ ಮಾತ್ರೆಗಳು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ. ರೋಫೆಕಾಕ್ಸಿಬ್ ಅನ್ನೋ ನೋವಿನ ಮಾತ್ರೆಯನ್ನ ಅದರ ಕಂಪನಿಯೇ 2004ರ ಸೆಪ್ಟೆಂಬರ್ 30ರಂದು ಇಡೀ ಜಗತ್ತಿನ ಮಾರುಕಟ್ಟೆಯಿಂದ ವಾಪಸ್ ತಗೊಂಡಿತು. ಕಾರಣ, ಹದಿನೆಂಟು ತಿಂಗಳಿಗೂ ಮೀರಿ ತಗೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿದ್ದು ಕಂಡಿತ್ತು. ಡೈಕ್ಲೋಫಿನ್ಯಾಕ್ ಬಗ್ಗೆಯೂ ಯುರೋಪಿನ ಔಷಧ ನಿಯಂತ್ರಕರು 2013ರಲ್ಲಿ ಹೃದ್ರೋಗಿಗಳಿಗೆ ಬೇಡ ಅಂತ ಎಚ್ಚರಿಸಿದರು.

ಹಾಗಾದರೆ ಮಾತ್ರೆ ಬಿಟ್ಟುಬಿಡೋದಾ? ಬಿಡಬೇಡಿ! ಇಲ್ಲೇ ನೋಡಿ ವಿಷಯ ತಿರುಗೋದು. ಈ ಬೆನ್ನಿನ ಕಾಯಿಲೆಗೆ ಮೊದಲ ಔಷಧವೇ ಈ ಗುಂಪಿನ ಮಾತ್ರೆಗಳು. ಇಲ್ಲಿ ಅವು ಬರೀ ನೋವು ಮುಚ್ಚಲ್ಲ, ಉರಿಯೂತವನ್ನೂ ಇಳಿಸುತ್ತವೆ. ಒಂಟಾರಿಯೋ ಅಧ್ಯಯನದಲ್ಲಿ 65 ದಾಟಿದ ರೋಗಿಗಳ ಪೈಕಿ ಇಂಥ ಮಾತ್ರೆಗಳನ್ನ ತಗೊಳ್ಳದೇ ಇದ್ದವರಲ್ಲೇ ಹೃದಯ, ರಕ್ತನಾಳದ ಸಾವು ಹೆಚ್ಚು ಕಂಡಿತು. ಅಷ್ಟಕ್ಕೇ ಮಾತ್ರೆ ಹೃದಯ ಕಾಪಾಡಿತು ಅಂತ ತೀರ್ಮಾನಿಸೋ ಹಾಗಿಲ್ಲ. ಹೃದಯ ಮೊದಲೇ ದುರ್ಬಲ ಇದ್ದವರಿಗೆ ಡಾಕ್ಟರೇ ಮಾತ್ರೆ ಕೊಡದೇ ಇದ್ದಿರಬಹುದು. ಆದರೆ ಬೆಂಕಿಯನ್ನ ಹಾಗೇ ಉರಿಯೋಕೆ ಬಿಡೋದರಲ್ಲೂ ಅಪಾಯ ಇದೆ, ಬಕೆಟ್‌ಗಟ್ಟಲೆ ಮಾತ್ರೆ ಸುರಿಯೋದರಲ್ಲೂ ಇದೆ. ಯಾವ ಮಾತ್ರೆ, ಎಷ್ಟು, ಎಷ್ಟು ದಿನ ಅನ್ನೋದನ್ನ ಬಿಪಿ, ಕಿಡ್ನಿ ನೋಡಿದ ಡಾಕ್ಟರ್ ಹೇಳಬೇಕು, ಮೆಡಿಕಲ್ ಶಾಪ್ ಹುಡುಗ ಅಲ್ಲ. ಎಟೋರಿಕಾಕ್ಸಿಬ್ ತಗೊಳ್ತಿದ್ದರೆ ಬಿಪಿ ಹತೋಟಿಯಲ್ಲಿರಲೇಬೇಕು. ಹೃದಯಕ್ಕೆ ಅಂತ ದಿನಾ ಸಣ್ಣ ಡೋಸ್ ಆಸ್ಪಿರಿನ್ ತಗೊಳ್ಳೋರು ಬೆನ್ನಿಗೆ ಐಬುಪ್ರೊಫೆನ್ ನುಂಗಿದರೆ ಆಸ್ಪಿರಿನ್ ಕೆಲಸಕ್ಕೇ ಅಡ್ಡಿಯಾಗಬಹುದು.

ರಕ್ತಪರೀಕ್ಷೆಯಲ್ಲೂ ಒಂದು ಮೋಸ ಇದೆ. ಉರಿಯೂತ ಜೋರಾಗಿದ್ದಾಗ ಕೊಲೆಸ್ಟ್ರಾಲ್ ಅಂಕಿ ತಾನಾಗೇ ಕೆಳಗೆ ಬರುತ್ತೆ. ರಿಪೋರ್ಟ್ ನೋಡಿ 'ನಾರ್ಮಲ್ ಇದೆ ಬಿಡು' ಅಂತ ಖುಷಿಪಡ್ತೀವಿ. ಕಾಯಿಲೆ ಹತೋಟಿಗೆ ಬಂದಾಗ ನೋಡಿದರೆ ನಿಜವಾದ ಅಂಕಿ ಸಿಗುತ್ತೆ. ಯುರೋಪಿನ ರುಮಟಾಲಜಿ ತಜ್ಞರ ಒಕ್ಕೂಟ ಹೇಳೋದೂ ಅದನ್ನೇ. ಇಂಥ ರೋಗಿಗಳ ಹೃದಯದ ಅಪಾಯವನ್ನ ಕನಿಷ್ಠ 5 ವರ್ಷಕ್ಕೊಮ್ಮೆ ಲೆಕ್ಕ ಹಾಕಬೇಕು ಅಂತಲೂ ಅದರ ಮಾರ್ಗಸೂಚಿಯಲ್ಲಿದೆ. ಖರ್ಚಿನ ಬಾಬತ್ತೇನೂ ಅಲ್ಲ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಸಿಗರೇಟು-ಬೀಡಿಯ ಲೆಕ್ಕ, ಮನೆತನದ ಇತಿಹಾಸ. ಸ್ಟೆತಸ್ಕೋಪ್‌ನಲ್ಲಿ ಕವಾಟದ ಸದ್ದು ವ್ಯತ್ಯಾಸ ಕೇಳಿಸಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಆಗ ಇಸಿಜಿ, ಎಕೋ. ಸಿಗರೇಟಿನ ಬಗ್ಗೆ ಹೊಸದಾಗಿ ಹೇಳೋದೇನಿದೆ? ಇದೊಂದೇ ಹೇಳ್ತೀನಿ: ಈ ಕಾಯಿಲೆಯಲ್ಲಿ ಅದು ಹೃದಯದ ಜೊತೆ ಬೆನ್ನನ್ನೂ ಬೇಗ ಬಿಗಿ ಮಾಡುತ್ತೆ. ನಡಿಗೆ, ಈಜು ಎರಡಕ್ಕೂ ಒಳ್ಳೇದು.

ಮಾತ್ರೆ ಸಾಲದೇ ಹೋದರೆ ಬಯಾಲಜಿಕ್ ಅನ್ನೋ ಇಂಜೆಕ್ಷನ್‌ಗಳಿವೆ. ಟಿಎನ್‌ಎಫ್ ತಡೆಯೋ ಅಡಾಲಿಮುಮ್ಯಾಬ್‌ನ ಅಗ್ಗದ ರೂಪವನ್ನ ಜಗತ್ತಿನಲ್ಲೇ ಮೊದಲು ಮಾರುಕಟ್ಟೆಗೆ ತಂದದ್ದು ಭಾರತ, 2014ರಲ್ಲಿ. ಅಗ್ಗ ಅಂದರೂ ಸಂಬಳದವರ ಜೇಬು ಚುರುಕ್ ಅನ್ನುತ್ತೆ. ಅದಕ್ಕೇ ನಮ್ಮಲ್ಲಿ ಟೊಫಾಸಿಟಿನಿಬ್ ಮಾತ್ರೆ ಜನಪ್ರಿಯ, ಬೆಲೆ ಕಡಿಮೆ. ಅದನ್ನ ತಗೊಳ್ಳೋರಿಗೆ ಒಂದು ಮಾತು. ಕೈಕಾಲಿನ ಕೀಲುರೋಗ ರುಮಟಾಯ್ಡ್ ಆರ್ಥ್ರೈಟಿಸ್ ಇದ್ದ, 50 ದಾಟಿದ, ಹೃದಯದ ಅಪಾಯ ಮೊದಲೇ ಇದ್ದ ಜನರಲ್ಲಿ ಅದು ಟಿಎನ್‌ಎಫ್ ಇಂಜೆಕ್ಷನ್‌ಗಿಂತ ಹೆಚ್ಚು ಹೃದಯದ ಅವಘಡ ತಂದಿತು, ಅಮೆರಿಕ 2021ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿತು. 30ರ ಹುಡುಗನ ಲೆಕ್ಕ ಬೇರೆ ಇರಬಹುದು. ಆದರೆ 55 ವಯಸ್ಸು, ಸಿಗರೇಟು, ಬಿಪಿ ಮೂರೂ ಇದ್ದರೆ 'ಡಾಕ್ಟ್ರೇ, ನನ್ನ ಹಾರ್ಟಿಗೆ ಇದು ಸರೀನಾ?' ಅಂತ ಬಾಯಿ ಬಿಟ್ಟು ಕೇಳಿ. ಮಾತ್ರೆಯನ್ನ ನೀವೇ ನಿಲ್ಲಿಸೋಕೆ ಹೋಗಬೇಡಿ.

ಕೊನೇದೊಂದು ವಿಷಯ, ನನ್ನನ್ನ ಹೆಚ್ಚು ಕಾಡೋದು. ಈ ಕಾಯಿಲೆಯಲ್ಲಿ ಪಕ್ಕೆಲುಬು ಬೆನ್ನುಮೂಳೆಗೆ, ಎದೆಮೂಳೆಗೆ ಸೇರೋ ಕೀಲುಗಳೂ ಊದಿಕೊಳ್ಳುತ್ತವೆ. ಹಾಗಾಗಿ ಎದೆ ನೋವು ಅವರಿಗೆ ಹಳೇ ನೆಂಟ. ಉಸಿರು ಎಳೆದರೆ ಚುಚ್ಚುತ್ತೆ, ಒತ್ತಿದರೆ ನೋಯುತ್ತೆ, ಕೆಮ್ಮಿದರೆ ಹಿಡಿಯುತ್ತೆ. ಹತ್ತು ಸಲ 'ಇದು ಕೀಲಿಂದೇ' ಅಂತ ಗೊತ್ತಾದ ಮೇಲೆ ಹನ್ನೊಂದನೇ ಸಲವೂ ಹಾಗೇ ಅಂದುಕೊಂಡು ಮಾತ್ರೆ ನುಂಗಿ ಮಲಗಿಬಿಡ್ತಾರೆ. ಭಾರ ಹೇರಿದ ಹಾಗೆ ಒತ್ತೋ ನೋವು, ಎಡತೋಳಿಗೋ ದವಡೆಗೋ ಹರಡೋ ನೋವು, ಜೊತೆಗೆ ತಣ್ಣನೆ ಬೆವರು, ಉಬ್ಬಸ ಇದ್ದರೆ ಅದು ಹಳೇ ನೆಂಟ ಅಲ್ಲ. ಗುರುತು ಹಿಡಿಯೋ ಕೆಲಸ ಮನೆಯಲ್ಲಿ ಕೂತು ಮಾಡಬೇಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ಮಾಡ್ತಾರೆ. ಹೃದಯಾಘಾತ ಅಂತ ಖಚಿತವಾದರೆ, ಕೊಡಬಹುದಾದವರಿಗೆ, ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡ್ತಾರೆ. ಅಲ್ಲಿ ಹೋದ ಕೂಡಲೇ ಎದೆ ನೋವಿನ ಜೊತೆಗೆ ಇದನ್ನೂ ಹೇಳಿ: ಬೆನ್ನಿನ ಕಾಯಿಲೆಯ ಪೂರ್ತಿ ಹೆಸರು, ಎಷ್ಟು ವರ್ಷದಿಂದ ಇದೆ, ಯಾವ ಮಾತ್ರೆ, ದಿನಕ್ಕೆ ಎಷ್ಟು.